ಪ್ರಾಧ್ಯಾಪಕ ಗೋಖಲೆಯವರು

ಬೆಳಗಾವಿಯ ಕಡೆಯಿಂದ ಪುಣೆಗೆ ಬರುವ ನಮ್ಮ ಬಂಧುಗಳು ನಿಪ್ಪಾಣಿಯನ್ನು ಕಳೆದ ಮೇಲೆ ಕಾಗಲ್ ಎಂಬ ಊರನ್ನು ದಾಟುತ್ತಾರೆ. 1866ರ ಮೇ 9ರಂದು ರತ್ನಾಗಿರಿ ಜಿಲ್ಲೆಯಲ್ಲಿ ಜನಿಸಿದ ಗೋಪಾಲಕೃಷ್ಣ ಗೋಖಲೆಯವರ ಬಾಲ್ಯದ ಶಾಲೆ ಅಲ್ಲಿತ್ತು. 1879ರಲ್ಲಿ ತಂದೆ ತೀರಿಕೊಂಡರು. ಅಣ್ಣ ಗೋವಿಂದರಾಯರು ಸ್ವಂತ ಓದನ್ನು ತ್ಯಜಿಸಿ ತಿಂಗಳಿಗೆ 15 ರೂಪಾಯಿಯ ಚಾಕರಿ ಹಿಡಿದರು. ಅದರಲ್ಲಿ 8 ರೂಪಾಯಿ ತಮ್ಮನ ವಿದ್ಯಾಭ್ಯಾಸಕ್ಕೆ ಸಲ್ಲುತ್ತಿತ್ತು. ಸಂಬಳದ ದಿನ ಊರಿಗೆ ಹಣ ಕಳುಹಿಸುವ ನಮ್ಮವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

1884ರಲ್ಲಿ ಮುಂಬಯಿಯಲ್ಲಿ ಪದವಿ ಪಡೆದ ಗೋಖಲೆಯವರು ಪುಣೆಯಲ್ಲಿ ಉಪಾಧ್ಯಾಯರಾಗಿ, ಬಳಿಕ ಫರ್ಗ್ಯುಸನ್ ಕಾಲೇಜಿನ ಪ್ರಾಧ್ಯಾಪಕರಾಗಿ 1902ರವರೆಗೆ ದುಡಿದರು. ಅವರು ರಚಿಸಿದ ಅಂಕಗಣಿತದ ಪುಸ್ತಕ ಬಹುಕಾಲ ಶಾಲೆಗಳಲ್ಲಿ ನಡೆಯಿತು.

1897ರಲ್ಲಿ ಅವರು ವಿಲಾಯಿತಿಗೆ ಹೋಗಿದ್ದಾಗ ಪುಣೆಯಲ್ಲಿ ಪ್ಲೇಗು ಹರಡಿತ್ತು. ಮನೆಗಳನ್ನು ಶೋಧಿಸುವ ಗೋರಾ ಸಿಪಾಯಿಗಳು ಹೆಂಗಸರ ಮೇಲೆ ಅತ್ಯಾಚಾರ ಮಾಡಿದರೆಂದು ಮಿತ್ರರು ಬರೆದ ಪತ್ರಗಳನ್ನು ನಂಬಿ, ಗೋಖಲೆಯವರು ಅದನ್ನು ಅಲ್ಲಿನ ಪತ್ರಿಕೆಯಲ್ಲಿ ಪ್ರಕಟಿಸಿದರು. ಸರಕಾರ ಸಾಕ್ಷ್ಯ ಕೇಳಿತು. ಹಿಂದಿರುಗಿ ವಿಚಾರಿಸಿದರೆ ರುಜುವಾತು ಒದಗಿಸುವವರು ಒಬ್ಬರೂ ಇಲ್ಲ! ಅವರು ಪತ್ರ ಬರೆದವರ ಹೆಸರುಗಳನ್ನು ಹೊರಗೆಡಹಲಿಲ್ಲ; ತಪ್ಪನ್ನು ತಮ್ಮ ತಲೆಗೇ ಹೊತ್ತು ಬಹಿರಂಗವಾಗಿ ಕ್ಷಮೆ ಯಾಚಿಸಿದರು. ಸ್ವಜನರೇ ಅವರನ್ನು ಹೇಡಿಯೆಂದು ಜರೆದರು. ಆ ವರ್ಷ ಅಮರಾವತಿಯಲ್ಲಿ ನಡೆದ ಕಾಂಗ್ರೆಸ್ಸಿನಲ್ಲಿ ಅವರ ಕಡೆ ಮುಖ ತಿರುಗಿಸಿದವರೂ ಉಂಟು. ರುಜುವಾತಿಲ್ಲದ ಮಾತನ್ನು ಹಿಂತೆಗೆದುಕೊಳ್ಳುವುದು ಹೇಡಿತನವೆಂದು ನಮಗೆ ತೋರುವುದಿಲ್ಲ.

ಅನಂತರ ಗೋಖಲೆಯವರ ಆಯುಧ ಅಂಕಿಯೇ ಆಯಿತು. 1902ರ ಮಾರ್ಚ್ 26ರಂದು ವೈಸರಾಯರ ಶಾಸನಸಭೆಯಲ್ಲಿ ಆಯವ್ಯಯದ ಮೇಲೆ ಮಾತನಾಡುತ್ತ, ಬೊಕ್ಕಸದಲ್ಲಿ ಉಳಿತಾಯವಿದ್ದ ಮಾತ್ರಕ್ಕೆ ಪ್ರಜೆಗಳು ಸುಖಿಗಳಲ್ಲ, ಬಡವನ ಮೇಲಿನ ತೆರಿಗೆ ಮಿತಿ ಮೀರಿದೆ ಎಂದು ಸರಕಾರದ ಲೆಕ್ಕದಿಂದಲೇ ತೋರಿಸಿದರು. ಮಣಕ್ಕೆ ಎರಡೂವರೆ ರೂಪಾಯಿ ಇದ್ದ ಉಪ್ಪಿನ ಸುಂಕ 1903ರಿಂದ ಇಳಿಯತೊಡಗಿ 1907ರಲ್ಲಿ ಒಂದು ರೂಪಾಯಿಗೆ ಬಂದಿತು. ಅಡಿಗೆಮನೆಯಲ್ಲಿ ದುಡಿಯುವವರಿಗೆ ಇದರ ಬೆಲೆ ಗೊತ್ತು.

1905ರಲ್ಲಿ ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದ ಅವರು ಅದೇ ವರ್ಷ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಗಾಂಧೀಜಿಯವರು ಅವರನ್ನು ತಮ್ಮ ರಾಜಕೀಯ ಗುರುವೆಂದು ಭಾವಿಸಿದ್ದರು. ನಮ್ಮ ಡಿ.ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಚಾರಸಂಸ್ಥೆಗೂ ಗೋಖಲೆಯವರದೇ ಹೆಸರು.

1911ರಲ್ಲಿ ಅವರು ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಮಂಡಿಸಿದರು. ಆರರಿಂದ ಹತ್ತು ವರ್ಷದ ಬಾಲಕರನ್ನು ಶಾಲೆಗೆ ಕಡ್ಡಾಯವಾಗಿ ಕಳುಹಿಸುವ ನಿಯಮವನ್ನು ಊರಿನ ಆಡಳಿತ ಸಂಸ್ಥೆಗಳು ತರಬಹುದೆಂದೂ, ತಿಂಗಳಿಗೆ 10 ರೂಪಾಯಿಯೊಳಗೆ ಸಂಪಾದಿಸುವವರ ಮಕ್ಕಳಿಗೆ ಶುಲ್ಕ ಕೂಡದೆಂದೂ ಅದರಲ್ಲಿತ್ತು. ಮರುವರ್ಷ ಪರವಾಗಿ 13 ಮತಗಳು, ವಿರುದ್ಧವಾಗಿ 38, ಮಸೂದೆ ಬಿದ್ದುಹೋಯಿತು.

1915ರ ಫೆಬ್ರವರಿ 19ರಂದು, ನಲವತ್ತೆಂಟರ ವಯಸ್ಸಿನಲ್ಲಿ, ಗೋಖಲೆಯವರು ಪುಣೆಯಲ್ಲಿ ನಿಧನರಾದರು. ಉಚಿತ ಹಾಗೂ ಕಡ್ಡಾಯ ಶಿಕ್ಷಣದ ಕಾನೂನು ರಾಷ್ಟ್ರದ ಮಟ್ಟದಲ್ಲಿ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು.