ಗುಂಡ್ಲುಪೇಟೆಯ ನೀರ್ ಸಾಬ್: ನಮ್ಮ ಹುಡುಗರು ಓದಬೇಕಾದ ಬದುಕು

ಕೊಳ್ಳೇಗಾಲ ಅಂದ ಕೂಡಲೇ ನಮ್ಮ ಕರಾವಳಿಯ ಮನೆಗಳಲ್ಲಿ ಮೊದಲು ನೆನಪಾಗುವುದು ಮಾಟ-ಮಂತ್ರ. ಅಲ್ಲಿನ ರೇಷ್ಮೆ, ಭರಚುಕ್ಕಿ ಜಲಪಾತ ಎಲ್ಲ ಆಮೇಲೆ. ಆ ಊರಿನವರಿಗೆ ಇದನ್ನು ಕೇಳಿ ಕೇಳಿ ಸಾಕಾಗಿರಬಹುದು. ಹೊರಗಿನವರು ಒಮ್ಮೆ ಅಂಟಿಸಿದ ಹಣೆಪಟ್ಟಿಯನ್ನು ಕಿತ್ತು ಹಾಕುವುದು ಎಷ್ಟು ಕಷ್ಟ ಅಂತ ಬ್ಯಾರಿಗಳಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಾಡಿಗೆ ಮನೆ ಹುಡುಕುವಾಗ, ಕೆಲಸಕ್ಕೆ ಅರ್ಜಿ ಹಾಕುವಾಗ, ಬಸ್ಸಿನಲ್ಲಿ ಪಕ್ಕದ ಸೀಟಿನವರು ಹೆಸರು ಕೇಳಿದಾಗ ನಮ್ಮ ಮಕ್ಕಳು ಅದನ್ನು ಅನುಭವಿಸುತ್ತಲೇ ಇದ್ದಾರೆ.

ಕೊಳ್ಳೇಗಾಲ, ಹನೂರು, ಯಳಂದೂರು ಇರುವ ಅದೇ ಚಾಮರಾಜನಗರ ಜಿಲ್ಲೆಯ ಇನ್ನೊಂದು ತುದಿಯಲ್ಲಿ ಗುಂಡ್ಲುಪೇಟೆ ಇದೆ. ಮೈಸೂರಿನಿಂದ ಊಟಿಗೋ ಸುಲ್ತಾನ್ ಬತ್ತೇರಿಗೋ ಹೋಗುವಾಗ ನಮ್ಮವರು ಚಹಾ ಕುಡಿಯಲು ಇಳಿಯುವ ಊರು. ಅಬ್ದುಲ್ ನಝೀರ್ ಸಾಬ್ ಅಲ್ಲಿಯವರು. 1988ರ ಅಕ್ಟೋಬರಿನಲ್ಲಿ ತೀರಿಕೊಂಡರು. ಇವತ್ತು ಇಪ್ಪತ್ತು ವರ್ಷದ ಹುಡುಗನೊಬ್ಬನನ್ನು ನಿಲ್ಲಿಸಿ ಅವರ ಬಗ್ಗೆ ಕೇಳಿದರೆ ಹೆಚ್ಚಾಗಿ ಉತ್ತರ ಸಿಗುವುದಿಲ್ಲ. ತಪ್ಪು ಹುಡುಗನದ್ದಲ್ಲ, ಹೇಳಿಕೊಡದ ನಮ್ಮದು. ಟಿಪ್ಪು ಸುಲ್ತಾನರ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾವು, ನಮ್ಮ ಕಣ್ಣೆದುರೇ ಬಾಳಿ ಹೋದ ಈ ಮನುಷ್ಯನನ್ನು ಮರೆತೆವು.

1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಸರಕಾರ ಬಂತು. ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರಕಾರ ಅದು. ಅದರಲ್ಲಿ ನಝೀರ್ ಸಾಬರಿಗೆ ಸಿಕ್ಕಿದ್ದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ. ಇಂದು ಆ ಖಾತೆಗೆ ಪೈಪೋಟಿ ಇದೆ. ಅಂದು ಮುಸ್ಲಿಂ ಮಂತ್ರಿ ಅಂದರೆ ವಕ್ಫ್, ಹಜ್ ನೋಡಿಕೊಳ್ಳುವವರು ಅಂತಲೇ ಜನ ತಿಳಿಯುತ್ತಿದ್ದ ಕಾಲ. ಇವರು ನೋಡಿಕೊಂಡದ್ದು ಇಡೀ ರಾಜ್ಯದ ಹಳ್ಳಿಗಳನ್ನು.

ಆ ವರ್ಷಗಳು ಬರಗಾಲದ ವರ್ಷಗಳು. ಕೆರೆ ಬತ್ತಿತ್ತು, ಬಾವಿಯ ತಳ ಕಾಣುತ್ತಿತ್ತು. ಹೆಣ್ಣುಮಕ್ಕಳು ಕೊಡ ಹೊತ್ತು ಮೈಲಿಗಟ್ಟಲೆ ನಡೆಯುತ್ತಿದ್ದರು. ನಝೀರ್ ಸಾಬ್ ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿ ಕೈಪಂಪು ಹಾಕಿಸುವ ಕೆಲಸಕ್ಕೆ ಇಳಿದರು. ಕೈಪಂಪು ಅಂದರೆ ಈಗಿನ ಮಕ್ಕಳಿಗೆ ತಮಾಷೆ ಅನ್ನಿಸಬಹುದು. ಆದರೆ ಯೋಚಿಸಿ ನೋಡಿ. ತೆರೆದ ಬಾವಿಗೆ ಜಾತಿ ಇತ್ತು. ಯಾರ ಹಗ್ಗ, ಯಾರ ಕೊಡ ಅಂತ ಜಗಳ ಇತ್ತು. ಸರಕಾರದ ದುಡ್ಡಿನಲ್ಲಿ ಬೀದಿಯ ನಡುವೆ ನಿಂತ ಕೈಪಂಪು ಯಾರೊಬ್ಬರ ಮನೆಯದ್ದೂ ಅಲ್ಲ. ಉತ್ತರ ಕರ್ನಾಟಕದ ಬಿಜಾಪುರ, ರಾಯಚೂರು, ಗುಲ್ಬರ್ಗ ಕಡೆ ಜನ ಮೆಟ್ಟಿಲು ಬಾವಿಗೆ ಇಳಿದು ನೀರು ತುಂಬುತ್ತಿದ್ದರಿಂದ ನಾರುಹುಣ್ಣು ಹರಡುತ್ತಿತ್ತು. ಕಾಲಿನಿಂದ ಮೊಳದುದ್ದದ ಹುಳ ಹೊರಬರುವ ಕಾಯಿಲೆ. ಅದಕ್ಕೆ ಮದ್ದಿಗಿಂತ ಮುಖ್ಯವಾಗಿ ಬೇಕಾದದ್ದು ಶುದ್ಧ ನೀರು. 2000ದಲ್ಲಿ ಭಾರತ ಈ ರೋಗದಿಂದ ಮುಕ್ತವಾಯಿತು. ಅದಕ್ಕೆ ನೆರವಾದವುಗಳಲ್ಲಿ ಹಳ್ಳಿಯ ಇಂಥ ಕೈಪಂಪುಗಳೂ ಸೇರಿವೆ. ಇವತ್ತು ಕೊಳವೆಬಾವಿಗಳು ಅಂತರ್ಜಲವನ್ನೇ ಬರಿದು ಮಾಡಿವೆ ಎಂಬ ದೂರು ಇದೆ, ಅದು ಸುಳ್ಳಲ್ಲ. ಆದರೆ ಹೊಲಕ್ಕೆ ಮೋಟಾರು ಇಟ್ಟು ಎಳೆದ ನೀರಿನ ಲೆಕ್ಕವನ್ನು ಕೈಯಿಂದ ಒತ್ತಿ ಕುಡಿದ ನೀರಿನ ತಲೆಗೆ ಕಟ್ಟಬಾರದು.

ಜನ ಅವರಿಗೆ ನೀರ್ ಸಾಬ್ ಅಂತ ಹೆಸರಿಟ್ಟರು. ಈ ಹೆಸರಿನ ಬಗ್ಗೆ ನಾವು ಸ್ವಲ್ಪ ನಿಂತು ಯೋಚಿಸಬೇಕು. ಸಾಬ, ಸಾಬಿ ಎಂಬ ಮಾತನ್ನು ಬಯಲುಸೀಮೆಯಲ್ಲಿ ಎಷ್ಟು ಸಲ ಹಗುರವಾಗಿ, ಚುಚ್ಚುವ ಹಾಗೆ ಬಳಸುತ್ತಾರೆ ಅಂತ ಅಲ್ಲಿ ವ್ಯಾಪಾರಕ್ಕೆ ಹೋದ ನಮ್ಮವರಿಗೆಲ್ಲ ಗೊತ್ತು. ಕರಾವಳಿಯಲ್ಲಿ ಬ್ಯಾರಿ ಎಂಬ ಹೆಸರಿಗೂ ಅದೇ ಗತಿ ಬಂದದ್ದುಂಟು. ಅದೇ ಸಾಬ್ ಎಂಬ ಪದವನ್ನು ಲಿಂಗಾಯತರ ಓಣಿಯಲ್ಲಿ, ಒಕ್ಕಲಿಗರ ಜಗುಲಿಯಲ್ಲಿ, ದಲಿತರ ಕೇರಿಯಲ್ಲಿ ಪ್ರೀತಿಯಿಂದ ಕರೆಯುವ ಹಾಗೆ ಮಾಡಿದವರು ಇವರು. ಅದಕ್ಕಾಗಿ ಅವರು ಹೆಸರು ಬದಲಾಯಿಸಿಕೊಳ್ಳಲಿಲ್ಲ.

ಇನ್ನೊಂದು ಕೆಲಸ ನೀರಿನಷ್ಟು ಕಣ್ಣಿಗೆ ಕಾಣುವುದಿಲ್ಲ. ಆದರೆ ನಮ್ಮ ಪ್ರಕಾರ ಅದೇ ದೊಡ್ಡದು. ಅಶೋಕ್ ಮೆಹ್ತಾ ಸಮಿತಿ 1978ರಲ್ಲಿ ಕೇಂದ್ರಕ್ಕೆ ಕೊಟ್ಟ ವರದಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತ್ ಅಂತ ಎರಡು ಮೆಟ್ಟಿಲಿನ ವ್ಯವಸ್ಥೆ ಬೇಕು ಎಂದಿತ್ತು. ಆ ವಿಚಾರವನ್ನು ಕಪಾಟಿನಿಂದ ಇಳಿಸಿ 1983ರಲ್ಲಿ ಕರ್ನಾಟಕದಲ್ಲಿ ಕಾಯ್ದೆ ಮಾಡಿಸಿದವರು ನಝೀರ್ ಸಾಬ್. ರಾಷ್ಟ್ರಪತಿಯ ಅಂಕಿತಕ್ಕಾಗಿ 1985ರವರೆಗೆ ಕಾಯಬೇಕಾಯಿತು. 1987ರ ಜನವರಿಯಲ್ಲಿ ಚುನಾವಣೆ ನಡೆದು, ಏಪ್ರಿಲಿನಲ್ಲಿ ಜಿಲ್ಲಾ ಪರಿಷತ್ತುಗಳು ಕೆಲಸ ಶುರು ಮಾಡಿದವು. ಆಗ ಚಾಮರಾಜನಗರ ಬೇರೆ ಜಿಲ್ಲೆಯಾಗಿರಲಿಲ್ಲ, ಅದಾದದ್ದು 1997ರಲ್ಲಿ. ಹಾಗಾಗಿ ಕೊಳ್ಳೇಗಾಲ, ಯಳಂದೂರು, ಗುಂಡ್ಲುಪೇಟೆ ಎಲ್ಲ ಮೈಸೂರು ಜಿಲ್ಲಾ ಪರಿಷತ್ತಿಗೇ ಸೇರಿದ್ದವು.

ಏನು ಬದಲಾಯಿತು? ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರ, ಕೃಷಿ, ಪಶುಸಂಗೋಪನೆ, ಕುಡಿಯುವ ನೀರು ಇವೆಲ್ಲ ವಿಧಾನಸೌಧದಿಂದ ಜಿಲ್ಲೆಗೆ ಇಳಿದವು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಸಿಕ್ಕಿತು. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಬಂದ ಐಎಎಸ್ ಅಧಿಕಾರಿ ಜಿಲ್ಲಾಧಿಕಾರಿಗಿಂತ ಹಿರಿಯರು. ಬ್ರಿಟಿಷರ ಕಾಲದಿಂದ ಕಲೆಕ್ಟರ್ ಸಾಹೇಬರೇ ಜಿಲ್ಲೆಯ ದೊರೆ ಅಂತ ನಂಬಿದ್ದವರಿಗೆ ಇದು ಸಣ್ಣ ಆಘಾತವಲ್ಲ. ಶೇ. 25 ಸ್ಥಾನ ಹೆಣ್ಣುಮಕ್ಕಳಿಗೆ ಅಂತ ಇಟ್ಟರು. ದೇಶದ ಸಂವಿಧಾನ 73ನೇ ತಿದ್ದುಪಡಿಯ ಮೂಲಕ ಮೂರನೇ ಒಂದು ಕೊಟ್ಟದ್ದು ಅದಾದ ಮೇಲೆ. ವರ್ಷಕ್ಕೆ ಎರಡು ಸಲ ಗ್ರಾಮಸಭೆ ಕರೆಯಬೇಕು ಅಂತಲೂ ಕಾಯ್ದೆಯಲ್ಲೇ ಬರೆಸಿದರು. ವಿರೋಧ ಬಾರದೇ ಇರುತ್ತದೆಯೇ? ಜೋರಾಗಿಯೇ ಬಂತು, ಸ್ವಂತ ಪಕ್ಷದ ಶಾಸಕರಿಂದಲೂ ಬಂತು. ವರ್ಗಾವಣೆ, ಗುತ್ತಿಗೆ, ಶಿಫಾರಸು ಕೈತಪ್ಪಿದರೆ ಯಾವ ಶಾಸಕನಿಗೆ ತಾನೇ ಖುಷಿ? ನಝೀರ್ ಸಾಬ್ ಮಂತ್ರಿಯಾಗಿದ್ದುಕೊಂಡೇ ಮಂತ್ರಿಯ ಅಧಿಕಾರವನ್ನು ಕಡಿಮೆ ಮಾಡುವ ಕಾಯ್ದೆ ತಂದರು. ಅಂಥ ಇನ್ನೊಬ್ಬರನ್ನು ಹುಡುಕಿದರೆ ನಮಗಂತೂ ಸಿಗುತ್ತಿಲ್ಲ.

ಈ ಕಥೆಯನ್ನು ತಾರತಮ್ಯದ ಮಾತಿಗೆ ಯಾಕೆ ಜೋಡಿಸುತ್ತಿದ್ದೇವೆ ಅಂತ ಕೆಲವರು ಕೇಳಬಹುದು. ನಮ್ಮ ಮೊಹಲ್ಲಾದ ಚರಂಡಿ ಕಟ್ಟಿದೆ, ಬೀದಿ ದೀಪ ಉರಿಯುವುದಿಲ್ಲ, ಅಂಗನವಾಡಿ ನಮ್ಮ ಕಡೆ ಬರಲೇ ಇಲ್ಲ, ಇವೆಲ್ಲ ನಾವು ಮುಸ್ಲಿಮರು ಅಂತಲೇ ಅಂತ ಹುಡುಗರು ಸಿಟ್ಟಾಗುತ್ತಾರೆ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಆ ಸಿಟ್ಟು ಹೋಗುವುದು ಎಲ್ಲಿಗೆ? ಮೊಬೈಲಿಗೆ. ರಾತ್ರಿ ಎರಡು ಗಂಟೆವರೆಗೆ ಸ್ಟೇಟಸ್ ಹಾಕಿ, ಬೆಳಿಗ್ಗೆ ಪಂಚಾಯತಿನ ಎದುರಿನಿಂದಲೇ ಬೈಕಿನಲ್ಲಿ ಹೋಗುತ್ತಾರೆ, ಒಳಗೆ ಕಾಲಿಡುವುದಿಲ್ಲ. ಆ ವರ್ಷ ಯಾವ ಬೀದಿಗೆ ಚರಂಡಿ, ಯಾರಿಗೆ ಮನೆ ಅಂತ ಪಟ್ಟಿ ಆಗುವುದು ವಾರ್ಡ್ ಸಭೆಯಲ್ಲಿ, ಗ್ರಾಮಸಭೆಯಲ್ಲಿ. ಅಲ್ಲಿ ಹದಿನೆಂಟು ತುಂಬಿದ ಪ್ರತಿ ಮತದಾರನಿಗೂ ಮಾತಾಡುವ ಹಕ್ಕು ಇದೆ. ನಾವು ಇಲ್ಲದ ಸಭೆಯಲ್ಲಿ ನಮ್ಮ ಬೀದಿಯ ಹೆಸರು ಯಾರು ಎತ್ತಬೇಕು? 1993ರ ಪಂಚಾಯತ್ ರಾಜ್ ಕಾಯ್ದೆ ಹಿಂದುಳಿದ ವರ್ಗಗಳಿಗೆ ಮೂರನೇ ಒಂದರಷ್ಟು ಸ್ಥಾನ ಇಟ್ಟಾಗ ಅದರ ಅ ವರ್ಗದಲ್ಲಿ ಮುಸ್ಲಿಮರೂ ಇದ್ದರು. ಹಾಗೆ ಗೆದ್ದವರಲ್ಲಿ ಕೆಲವರು ಚೆನ್ನಾಗಿ ದುಡಿದರು. ಕೆಲವರು ಜಮಾಅತಿನ ಒಳಜಗಳವನ್ನು ಪಂಚಾಯತಿಗೆ ಹೊತ್ತುಕೊಂಡು ಹೋದರು, ಅದನ್ನೂ ಹೇಳಬೇಕಾಗುತ್ತದೆ.

ಹೆಣ್ಣುಮಕ್ಕಳ ಮಾತೂ ಇದೆ. ಮೀಸಲು ಕ್ಷೇತ್ರದಲ್ಲಿ ಹೆಂಡತಿಯನ್ನು ನಿಲ್ಲಿಸಿ ಗಂಡ ಹೋಗಿ ಕುರ್ಚಿಯಲ್ಲಿ ಕೂರುವುದನ್ನು ನಾವು ಎಲ್ಲ ಸಮುದಾಯಗಳಲ್ಲೂ ನೋಡಿದ್ದೇವೆ. ನೀರು ಹೊತ್ತು ಬೆನ್ನು ಬಾಗಿದವರಿಗೆ ನೀರಿನ ಲೆಕ್ಕ ಗೊತ್ತಿರುತ್ತದೆ. ನಮ್ಮ ಕಾಲೇಜು ಮುಗಿಸಿದ ಹುಡುಗಿಯರು ಗ್ರಾಮಸಭೆಗೆ ಹೋಗುತ್ತೇವೆ ಅಂದರೆ ಮನೆಯವರು ಗಾಬರಿಯಾಗಬೇಕಾಗಿಲ್ಲ.

ನಝೀರ್ ಸಾಬರಿಗೆ ತಾವು ಕಟ್ಟಿದ್ದನ್ನು ಹೆಚ್ಚು ಕಾಲ ನೋಡುವ ಅವಕಾಶ ಸಿಗಲಿಲ್ಲ. ಜಿಲ್ಲಾ ಪರಿಷತ್ತುಗಳು ಕೆಲಸ ಶುರು ಮಾಡಿ ಒಂದೂವರೆ ವರ್ಷ ಆಗಿತ್ತಷ್ಟೇ. ಕ್ಯಾನ್ಸರ್ ಅವರನ್ನು ಅರವತ್ತು ತುಂಬುವ ಮೊದಲೇ ಕರೆದುಕೊಂಡು ಹೋಯಿತು. ಕೊನೆಯ ದಿನಗಳಲ್ಲಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ನೋಡಲು ಬಂದ ಮುಖ್ಯಮಂತ್ರಿಯ ಬಳಿ ತಮಗಾಗಿ ಏನನ್ನೂ ಕೇಳದೆ, ರೋಗಿಗಳ ಜೊತೆ ಹಳ್ಳಿಯಿಂದ ಬಂದು ಆಸ್ಪತ್ರೆಯ ಹೊರಗೆ ಮಲಗುವವರಿಗೆ ಒಂದು ಸೂರು ಕಟ್ಟಿಸಿಕೊಡಲು ಕೇಳಿದರು ಅಂತ ಅವರನ್ನು ಬಲ್ಲ ತಲೆಮಾರಿನವರು ಇವತ್ತಿಗೂ ಹೇಳುತ್ತಾರೆ.

ಮೈಸೂರಿನಲ್ಲಿ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರ ಹೆಸರಿದೆ. ಪಂಚಾಯತಿಗೆ ಹೊಸದಾಗಿ ಆಯ್ಕೆಯಾದ ಸದಸ್ಯರಿಗೆ ಬಜೆಟ್ ಓದುವುದು, ಕ್ರಿಯಾಯೋಜನೆ ಮಾಡುವುದು, ಸಭೆ ನಡೆಸುವುದು ಇವನ್ನೆಲ್ಲ ಕಲಿಸುವ ಸಂಸ್ಥೆ ಅದು. ಹನೂರಿನ ಕಾಡಂಚಿನ ಪಂಚಾಯತಿನವರಿಗೂ ನಮ್ಮ ಬಂಟ್ವಾಳ, ಬೆಳ್ತಂಗಡಿಯ ಪಂಚಾಯತಿನವರಿಗೂ ಸಿಗುವ ತರಬೇತಿ ಪ್ರಮಾಣಪತ್ರದ ಮೇಲೆ ಅಚ್ಚಾಗಿರುವುದು ಗುಂಡ್ಲುಪೇಟೆಯ ಆ ಸಾಬರ ಹೆಸರೇ.