ಕುಮಾರಿ ಜೇನ್ ಆಸ್ಟೆನ್

ಹಿನಕಲ್ಲಿನ ನಮ್ಮ ತರಗತಿಯಲ್ಲಿ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಎಂಬ ಕಾದಂಬರಿಯನ್ನು ಬೋಧಿಸತೊಡಗಿದಾಗ, ಅದರ ನೃತ್ಯಕೂಟಗಳಿಂದಲೂ ವಿವಾಹಪ್ರಸಂಗಗಳಿಂದಲೂ ನಮ್ಮ ಬಾಲಿಕೆಯರಿಗೇನು ಪ್ರಯೋಜನವೆಂಬ ಸಂದೇಹವು ನಮ್ಮನ್ನು ಬಾಧಿಸಿತು. ಆ ಸಂದೇಹವನ್ನು ಕಳೆದುದು ಅದನ್ನು ಬರೆದಾಕೆಯ ಜೀವನಚರಿತ್ರೆ. ಅದನ್ನಿಲ್ಲಿ ಸಂಗ್ರಹವಾಗಿ ಅರುಹುವೆವು.

ಜೇನ್ ಆಸ್ಟೆನ್ 1775ನೆಯ ಇಸವಿ ಡಿಸೆಂಬರ್ 16ರಂದು ಇಂಗ್ಲೆಂಡಿನ ಸ್ಟೀವೆಂಟನ್ ಎಂಬ ಹಳ್ಳಿಯಲ್ಲಿ ಜನಿಸಿದಳು. ತಂದೆಯವರು ಅಲ್ಲಿನ ಸಭಾಪಾಲಕರು. ಎಂಟು ಮಕ್ಕಳಲ್ಲಿ ಈಕೆ ಏಳನೆಯವಳು. ಹನ್ನೊಂದನೆಯ ವಯಸ್ಸಿಗೇ ಶಾಲೆಯ ವಿದ್ಯಾಭ್ಯಾಸವು ಮುಗಿಯಿತು. ತರುವಾಯ ತಂದೆಯ ಪುಸ್ತಕಭಂಡಾರವೇ ಆಕೆಗೆ ಪಾಠಶಾಲೆಯಾಯಿತು. 1797ರಲ್ಲಿ ತಂದೆಯವರು ಮಗಳ ಹಸ್ತಪ್ರತಿಯ ವಿಷಯವಾಗಿ ಪ್ರಕಾಶಕರೊಬ್ಬರಿಗೆ ಬರೆಯಲು, ಅವರು ಅದನ್ನು ನೋಡಲೂ ಒಪ್ಪಲಿಲ್ಲ.

1802ರಲ್ಲಿ ಧನಿಕ ಮನೆತನದ ಯುವಕನೊಬ್ಬನು ವಿವಾಹವನ್ನು ಕೋರಿದನು. ಸಂಜೆ ಸಮ್ಮತಿಸಿದವಳು, ಮನಸ್ಸೊಪ್ಪದೆ, ಮರುದಿನ ಬೆಳಿಗ್ಗೆ ನಿರಾಕರಿಸಿದಳು. 1805ರಲ್ಲಿ ತಂದೆಯವರು ತೀರಿಕೊಂಡರು. ತಾಯಿಯೂ ಇಬ್ಬರು ಹೆಣ್ಣುಮಕ್ಕಳೂ ಸೋದರರ ನೆರವನ್ನು ನೆಚ್ಚಿ ಬಾಳಬೇಕಾಯಿತು. 1809ರಲ್ಲಿ ಸೋದರ ಎಡ್ವರ್ಡನು ಚಾಟನ್ ಗ್ರಾಮದಲ್ಲಿ ಮನೆಯೊಂದನ್ನು ಕೊಟ್ಟನು. ಅಲ್ಲಿ ಹಳೆಯ ಹಸ್ತಪ್ರತಿಗಳನ್ನು ತಿದ್ದಿ, ಹೊಸವನ್ನೂ ರಚಿಸಿದಳು. 1813ರಲ್ಲಿ ಪ್ರಕಟವಾದ ನಮ್ಮ ಪಠ್ಯಗ್ರಂಥದ ಹಕ್ಕಿಗೆ ದೊರೆತುದು 110 ಪೌಂಡುಗಳು. ಮುಖಪುಟದಲ್ಲಿ ಆಕೆಯ ಹೆಸರಿರಲಿಲ್ಲ. 1817ರ ಜುಲೈ 18ರಂದು, 41ನೆಯ ವಯಸ್ಸಿನಲ್ಲಿ, ವಿಂಚೆಸ್ಟರ್ ನಗರದಲ್ಲಿ ನಿಧನಳಾದಳು. ಅಲ್ಲಿನ ಮಹಾದೇವಾಲಯದ ಸಮಾಧಿಶಿಲೆಯು ಆಕೆಯ ಸದ್ಗುಣಗಳನ್ನು ಹೊಗಳುವುದು; ಕಾದಂಬರಿಗಳನ್ನು ಹೆಸರಿಸದು.

ಕಥೆಯಲ್ಲಿ ಬೆನೆಟ್ ದಂಪತಿಗಳಿಗೆ ಐವರು ಹೆಣ್ಣುಮಕ್ಕಳು. ಆಸ್ತಿಯು ದಾಯಾದಿ ಗಂಡಸಿಗೆ ಸೇರತಕ್ಕುದು. ನೆರೆಮನೆಯ ಷಾರ್ಲಟ್, ಇಪ್ಪತ್ತೇಳು ವರ್ಷದವಳು, ಆಶ್ರಯಕ್ಕಾಗಿಯೇ ಆ ದಾಯಾದಿಯನ್ನು ವರಿಸುವಳು. ನಮ್ಮ ವಿದ್ಯಾರ್ಥಿನಿಯರು ಮೊದಲು ಆಕೆಯನ್ನು ನಿಂದಿಸಿದರು. ಮೇಲಿನ ಚರಿತ್ರೆಯನ್ನು ಹೇಳಿದಾಗ ತರಗತಿಯು ಮೌನವಾಯಿತು. ತಾನು ತ್ಯಜಿಸಿದ ದಾರಿಯನ್ನು ಹಿಡಿದವಳನ್ನು ಗ್ರಂಥಕರ್ತೃವು ಶಪಿಸಲಿಲ್ಲವೆಂಬುದನ್ನು ಅವರೇ ಕಂಡುಕೊಂಡರು. ಹೆಣ್ಣುಮಕ್ಕಳ ಪಾಲಿನ ಪ್ರಶ್ನೆಯೂ ಎದ್ದಿತು. ಆಗ ಹಿಂದೂ ಸ್ತ್ರೀಯರ ಹಕ್ಕುಗಳಿಗಾಗಿ ಮೈಸೂರು ಸಂಸ್ಥಾನವು 1933ರಲ್ಲಿ ಮಾಡಿದ ಕಾಯಿದೆಯನ್ನೂ, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಪುತ್ರಿಯರಿಗೆ ಪುತ್ರರೊಡನೆ ಸಮಭಾಗವನ್ನಿತ್ತ 2005ರ ತಿದ್ದುಪಡಿಯನ್ನೂ ತಿಳಿಸಿದೆವು.

ಮೊದಲ ನೋಟದ ತೀರ್ಪನ್ನು ತಿದ್ದಿಕೊಳ್ಳುವುದೇ ಈ ಗ್ರಂಥದ ಬೋಧೆ. ಅದನ್ನು ನಿಷ್ಪ್ರಯೋಜಕವೆಂದು ಶಂಕಿಸಿದ್ದ ನಾವು ಮೊದಲು ತಿದ್ದಿಕೊಂಡೆವು. ನಮ್ಮ ಬಾಲಿಕೆಯರಾದರೋ ಆಶ್ರಯಕ್ಕಾಗಿ ಅನ್ಯರ ಬಾಗಿಲನ್ನು ಕಾಯದೆ, ತಮ್ಮ ವಿದ್ಯೆಯಿಂದ ಬಾಳಿ, ತಮ್ಮ ಕೃತಿಗಳ ಮೇಲೆ ತಮ್ಮ ಹೆಸರನ್ನೇ ಬರೆಯುವವರಾಗಲೆಂದು ದೇವರನ್ನು ಪ್ರಾರ್ಥಿಸುವೆವು.