ಮೂರನೆಯ ವರ್ಷ ನಿಲ್ಲದ ಕೋಚ್: ಬೇಲಾ ಗುಟ್‌ಮನ್

ನಾವು ಹೊಳೆಮಣ್ಣೂರಿನ ಶಾಲೆಯಲ್ಲಿದ್ದಾಗ ಆಟ ಅಂದರೆ ಕಬಡ್ಡಿ, ಖೋಖೋ, ಸ್ವಲ್ಪ ವಾಲಿಬಾಲ್. ಫುಟ್‌ಬಾಲ್ ಹುಚ್ಚು ನನಗೆ ಹತ್ತಿದ್ದು ಇಂಜಿನಿಯರಿಂಗ್ ಹಾಸ್ಟೆಲಿನ ಟಿವಿಯಿಂದ. ಸುವರ್ಣ ಮಹೋತ್ಸವದ ಸಂಚಿಕೆಗೆ ನಾನು ಕಂಪ್ಯೂಟರ್ ಬಗ್ಗೆ ಬರೆಯುತ್ತೇನೆಂದು ಗುರುಗಳು ತಿಳಿದಿರಬೇಕು. ಆದರೆ ನನಗೆ ಬರೆಯಬೇಕೆನಿಸಿದ್ದು ಹಂಗೇರಿ ದೇಶದ ಬೇಲಾ ಗುಟ್‌ಮನ್ ಅವರ ಬಗ್ಗೆ.

ಗುಟ್‌ಮನ್ 1899ರಲ್ಲಿ ಬುಡಾಪೆಸ್ಟ್ ನಗರದ ಯಹೂದಿ ಮನೆತನದಲ್ಲಿ ಹುಟ್ಟಿದರು. ತಂದೆ ತಾಯಿ ನೃತ್ಯ ಕಲಿಸುತ್ತಿದ್ದರು. ಮಗನೂ ನೃತ್ಯ ಶಿಕ್ಷಕನಾಗಲು ಅರ್ಹತೆ ಪಡೆದು, ಕಡೆಗೆ ಚೆಂಡಿನ ಹಿಂದೆ ಹೋದ. ಎಂಟಿಕೆ ತಂಡದಲ್ಲಿ ಆಡಿ ಹೆಸರು ಮಾಡಿದ ಮೇಲೆ, ಹಂಗೇರಿಯಲ್ಲಿ ಯಹೂದಿಗಳ ಮೇಲಿನ ದ್ವೇಷ ಹೆಚ್ಚಿದಾಗ ವಿಯೆನ್ನಾಕ್ಕೆ ಹೋಗಿ ಹಕೋವಾ ತಂಡ ಸೇರಿದರು. 1925ರಲ್ಲಿ ಆ ತಂಡ ಆಸ್ಟ್ರಿಯಾದ ಚಾಂಪಿಯನ್ ಆಯಿತು.

ಮನುಷ್ಯ ಮೊದಲಿನಿಂದಲೂ ಸುಮ್ಮನಿರುವವರಲ್ಲ. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹಂಗೇರಿಯಿಂದ ಆಟಗಾರರಿಗಿಂತ ಅಧಿಕಾರಿಗಳೇ ಹೆಚ್ಚು ಹೋಗಿದ್ದರು. ಉಳಿಸಿದ ಹೋಟೆಲಿನಲ್ಲಿ ರಾತ್ರಿ ಗದ್ದಲಕ್ಕೆ ನಿದ್ದೆಯಿಲ್ಲ. ಗುಟ್‌ಮನ್ ಸತ್ತ ಇಲಿಗಳನ್ನು ತಂದು ಅಧಿಕಾರಿಗಳ ಕೋಣೆಯ ಬಾಗಿಲಿಗೆ ತೂಗುಹಾಕಿದರಂತೆ. ಆಮೇಲೆ ದೇಶದ ತಂಡಕ್ಕೆ ಅವರನ್ನು ಕರೆಯಲಿಲ್ಲ. ಅಮೆರಿಕಕ್ಕೆ ಹೋಗಿ ಗಳಿಸಿದ್ದು 1929ರ ಷೇರುಪೇಟೆ ಕುಸಿತದಲ್ಲಿ ಹೋಯಿತು.

ಮರಳಿ ಬಂದು ಕೋಚ್ ಆದರು. 1939ರಲ್ಲಿ ಉಯ್‌ಪೆಸ್ಟ್ ತಂಡಕ್ಕೆ ಹಂಗೇರಿಯ ಲೀಗನ್ನೂ ಮಧ್ಯ ಯೂರೋಪಿನ ಮಿಟ್ರೋಪಾ ಕಪ್ಪನ್ನೂ ಗೆಲ್ಲಿಸಿಕೊಟ್ಟರು. ಅಷ್ಟರಲ್ಲಿ ಯುದ್ಧ. ಅಟ್ಟದ ಮೇಲೆ ಅಡಗಿ ಕುಳಿತರು, ದುಡಿಮೆ ಶಿಬಿರಕ್ಕೆ ಬಿದ್ದರು, 1944ರ ಕೊನೆಗೆ ಅಲ್ಲಿಂದ ತಪ್ಪಿಸಿಕೊಂಡರು. ತಂದೆ ಮತ್ತು ಅಕ್ಕ ನಾಜಿಗಳ ಕೈಯಲ್ಲಿ ಸತ್ತರು. ಈ ವರ್ಷಗಳ ಬಗ್ಗೆ ಅವರು ಬಹಳ ಮಾತನಾಡಲಿಲ್ಲ.

ಯುದ್ಧ ಮುಗಿದಾಗ ತಿನ್ನಲಿಕ್ಕೂ ತತ್ವಾರ. ರುಮೇನಿಯಾದಲ್ಲಿ ಕೋಚ್ ಆದಾಗ ಸಂಬಳವನ್ನು ಕಾಯಿಪಲ್ಯೆಯಲ್ಲಿ ಪಡೆದರು, ನಮ್ಮಲ್ಲಿ ಆಯಗಾರರಿಗೆ ಕಣದಲ್ಲಿ ಕಾಳು ಅಳೆದುಕೊಡುತ್ತಿದ್ದ ಹಾಗೆ. ಆಮೇಲೆ ಹಂಗೇರಿಯ ಕಿಶ್‌ಪೆಸ್ಟ್ ತಂಡ. ಅಲ್ಲಿ ಒಂದು ಪಂದ್ಯದ ವಿರಾಮದಲ್ಲಿ ಒಬ್ಬ ಆಟಗಾರನಿಗೆ ಹೊರಗಿರಲು ಹೇಳಿದರೆ, ಹುಡುಗ ಪುಷ್ಕಾಶ್ ಅವನನ್ನು ಮೈದಾನದಲ್ಲೇ ಉಳಿಸಿಕೊಂಡ. ಗುಟ್‌ಮನ್ ಜಗಳಾಡಲಿಲ್ಲ. ಗ್ಯಾಲರಿಗೆ ಹೋಗಿ ಪೇಪರ್ ಓದುತ್ತ ಕುಳಿತು, ಪಂದ್ಯ ಮುಗಿದ ಮೇಲೆ ಕೆಲಸವನ್ನೇ ಬಿಟ್ಟರೆಂದು ಹೇಳುತ್ತಾರೆ. ಮುಂದೆ ಇಟಲಿಯ ಮಿಲಾನ್ ತಂಡ ಲೀಗಿನಲ್ಲಿ ಮೊದಲ ಸ್ಥಾನದಲ್ಲಿದ್ದಾಗಲೇ, 1955ರಲ್ಲಿ, ಅವರನ್ನು ತೆಗೆದುಹಾಕಿತು. 1957ರಲ್ಲಿ ಬ್ರೆಜಿಲ್‌ನ ಸಾವೊ ಪಾಲೊ ಅವರ ಕೈಕೆಳಗೆ ರಾಜ್ಯ ಚಾಂಪಿಯನ್ ಆಯಿತು.

ಒಂದು ತಂಡದಲ್ಲಿ ಮೂರನೆಯ ವರ್ಷ ಕೋಚ್‌ಗೆ ಮುಳುವು ಎಂಬುದು ಅವರ ನಂಬಿಕೆ. ಇದನ್ನು ಮೊದಲು ಓದಿದಾಗ ನನಗೆ ನಗು ಬಂತು. ಬೆಂಗಳೂರಿನಲ್ಲಿ ನಾನೂ ಎರಡೆರಡು ವರ್ಷಕ್ಕೆ ಕಂಪನಿ ಬದಲಿಸಿದವನೇ. ಊರಿಗೆ ಬಂದಾಗಲೆಲ್ಲ ಅಪ್ಪನ ಆಕ್ಷೇಪ ಅದೇ. ಆದರೆ ನನ್ನದು ಸಂಬಳದ ಲೆಕ್ಕ. ಗುಟ್‌ಮನ್‌ಗೆ ಬೇರು ಬಿಟ್ಟ ಊರೇ ಕೊಲ್ಲಲು ಬಂದಿತ್ತು.

1959ರಲ್ಲಿ ಪೋರ್ಚುಗಲ್‌ನ ಪೋರ್ಟೊ ತಂಡವನ್ನು ಚಾಂಪಿಯನ್ ಮಾಡಿ, ಅದೇ ವರ್ಷ ಎದುರಾಳಿ ಬೆನ್ಫಿಕಾಕ್ಕೆ ಹೋದರು. ಲಿಸ್ಬನ್ನಿನ ಒಂದು ಕ್ಷೌರದಂಗಡಿಯಲ್ಲಿ ತಮ್ಮ ಹಳೆಯ ಆಟಗಾರ ಬಾವರ್ ಸಿಕ್ಕು ಆಫ್ರಿಕಾದ ಮೊಜಾಂಬಿಕ್‌ನ ಹುಡುಗನೊಬ್ಬನ ಸುದ್ದಿ ಹೇಳಿದರು. ಅವನೇ ಯುಸೇಬಿಯೊ. ಗುಟ್‌ಮನ್ ತಡಮಾಡದೆ ಕರೆಸಿಕೊಂಡರು. 1961ರಲ್ಲಿ ಬಾರ್ಸಿಲೋನಾವನ್ನು 3-2ರಿಂದ ಸೋಲಿಸಿ ಬೆನ್ಫಿಕಾ ಯೂರೋಪಿಯನ್ ಕಪ್ ಗೆದ್ದಿತು. ಮರುವರ್ಷ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಎದುರಿಗೆ ರಿಯಲ್ ಮ್ಯಾಡ್ರಿಡ್, ಅದರಲ್ಲಿ ಅದೇ ಪುಷ್ಕಾಶ್. ವಿರಾಮದೊಳಗೆ ಅವರು ಮೂರು ಗೋಲು ಹೊಡೆದರು. ಆದರೂ ಬೆನ್ಫಿಕಾ 5-3ರಿಂದ ಗೆದ್ದಿತು, ಕೊನೆಯ ಎರಡು ಗೋಲು ಯುಸೇಬಿಯೊದು.

ಗುಟ್‌ಮನ್ ಹೆಚ್ಚಿನ ಬೋನಸ್ ಕೇಳಿದರು. ಆಡಳಿತ ಮಂಡಳಿ ಒಪ್ಪಲಿಲ್ಲ. ಅವರು ಹೊರಟರು. ಕೊಡುತ್ತೇವೆಂದ ಬೋನಸ್ಸನ್ನು ಒಂದು ಕಂಪನಿ ಕೊಡದಿದ್ದಾಗ ನಾನು ಬಾಯಿ ಬಿಡದೆ ರಾಜೀನಾಮೆ ಟೈಪ್ ಮಾಡಿದ್ದೆ. ಹಾಗಾಗಿ ಈ ಜಾಗದಲ್ಲಿ ನನಗೆ ಅವರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು.

ಇನ್ನು ನೂರು ವರ್ಷ ಬೆನ್ಫಿಕಾ ಯೂರೋಪಿನ ಕಪ್ ಗೆಲ್ಲದು ಎಂದು ಅವರು ಶಪಿಸಿ ಹೋದರೆಂಬ ಕಥೆಯಿದೆ. ಶಾಪವನ್ನು ನಾನು ನಂಬುವುದಿಲ್ಲ. 1965ರಲ್ಲಿ ಅವರೇ ಮತ್ತೆ ಅದೇ ತಂಡಕ್ಕೆ ಬಂದಿದ್ದರು, ಈ ಸಲ ಏನೂ ಗೆಲ್ಲಲಿಲ್ಲ. ಆದರೆ 1962ರ ನಂತರ ಬೆನ್ಫಿಕಾ ಯೂರೋಪಿನ ಎಂಟು ಫೈನಲ್ ಸೋತಿದೆ.

ಗುಟ್‌ಮನ್ 1981ರ ಆಗಸ್ಟ್ 28ರಂದು ವಿಯೆನ್ನಾದಲ್ಲಿ ತೀರಿಕೊಂಡರು. 1990ರ ಫೈನಲ್ ಅದೇ ಊರಲ್ಲಿ ನಡೆಯಿತು. ಯುಸೇಬಿಯೊ ಮೊದಲು ಗುರುವಿನ ಸಮಾಧಿಗೆ ಹೋಗಿ ಪ್ರಾರ್ಥಿಸಿ ಬಂದರು. ಎದುರಿಗಿದ್ದದ್ದು ಹಿಂದೆ ಗುಟ್‌ಮನ್‌ರನ್ನು ಹೊರಹಾಕಿದ್ದ ಮಿಲಾನ್. ಬೆನ್ಫಿಕಾ ಒಂದು ಗೋಲಿನಿಂದ ಸೋತಿತು.